ಕೂಗು ನಿಂತ ಜಾಗ

ಹೊಸ ಮಾನಿಟರಿಗೆ ಐದು ಸಾವಿರ, ಹೊಸ ವಾಯರಿಗೆ ನೂರು ರೂಪಾಯಿ. ಕೆಟ್ಟದ್ದು ಯಾವುದೆಂದು ತಿಳಿಯಲು ಕಾಂಚನಾ ಬನಹಟ್ಟಿಯ ತನ್ನ ಮನೆಯ ಪಡಸಾಲೆಯಲ್ಲಿ ಮಲ್ಟಿಮೀಟರ್ ಹಿಡಿದು ಕೂತಿದ್ದಳು. ಮಾನಿಟರಿನಿಂದ ಬಿಚ್ಚಿದ ಕರೆಂಟಿನ ವಾಯರಿನ ಎರಡೂ ತುದಿಗೆ ಮೀಟರಿನ ಕಡ್ಡಿ ಮುಟ್ಟಿಸಿದರೆ ಅದು 'ಪೀಂ' ಎಂದು ಕೂಗುತ್ತಿತ್ತು. ಅಂದರೆ ವಾಯರ್ ಸರಿಯಿದೆ. ಹಾಗಾದರೆ ಮಾನಿಟರೇ ಹೋಯಿತೇ? ಸೀರೆಯ ಅಂಚಿನ ಡಿಸೈನನ್ನು ಸಂಜೆಗೆ ಕೊಡಬೇಕಿತ್ತು.

ಅತ್ತೆ ಬೋರವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಕೈಮಗ್ಗ ಮಾರಿ ಕಂಪ್ಯೂಟರ್ ತಂದ ದಿನದಿಂದ ಅವರು ಸೊಸೆಗೆ ಹೇಳುವುದನ್ನೆಲ್ಲ ಗೋಡೆಗೇ ಹೇಳುತ್ತಿದ್ದರು. "ಏ ಗ್ವಾಡಿ, ಅದ್ಯಾಕ ಹಂಗ ಕೂಗಾಕತ್ತೈತಿ ಕೇಳು."

"ಒಳಗಿನ ಎಳಿ ಕೂಡಿದ್ರ ಕೂಗತೈತ್ರಿ, ಹರದಿದ್ರ ಸುಮ್ಮನಾಗತೈತ್ರಿ," ಎಂದಳು ಕಾಂಚನಾ. "ಒಮ್ಮೊಮ್ಮೆ ಹರದ ಎಳಿನೂ ಒಂದಕ್ಕೊಂದು ತಾಗಿರತೈತ್ರಿ, ಬಗ್ಗಿಸಿದಾಗಷ್ಟ ಬಿಡತೈತ್ರಿ. ವಾಯರ್ ಬಗ್ಗಿಸಿ ನೋಡಬೇಕ್ರಿ ಅತ್ತಿ. ನನ್ನ ಎರಡೂ ಕೈ ಕಡ್ಡಿ ಹಿಡದಾವು. ನಿಮ್ಮ ಗ್ವಾಡಿಗೆ ಕೈ ಅದಾವೇನ್ರಿ?"

ಬೋರವ್ವ ನಗು ನುಂಗಿಕೊಂಡು ಬಂದು ಕೂತರು. ನೂಲಿನ ಎಳೆ ಸವರುವ ಹಾಗೆ ವಾಯರನ್ನು ಸ್ವಲ್ಪ ಸ್ವಲ್ಪವೇ ಬಗ್ಗಿಸುತ್ತ ಹೋದರು. ಮೀಟರ್ ಕೂಗುತ್ತಲೇ ಇತ್ತು. ಪ್ಲಗ್ಗಿನ ಹತ್ತಿರ ಒಂದು ಕಡೆ ಮಡಿಚಿದ್ದೇ ತಡ, ಗಪ್ಪಾಯಿತು.

"ಕಾಂಚನಾ, ಇಲ್ಲೇ ಹರದೈತಿ ನೋಡವಾ!"

ಹೆಸರು ಬಾಯಿಂದ ಬಂದ ಮೇಲೆ ಬೋರವ್ವ ಒಮ್ಮೆ ಗೋಡೆಯತ್ತ ನೋಡಿದರು. ಆಮೇಲೆ ಸೊಸೆಯ ಜೊತೆ ತಾವೂ ನಕ್ಕರು.

ನೂರು ರೂಪಾಯಿಯ ಹೊಸ ವಾಯರಿಗೆ ಮಾನಿಟರ್ ಬೆಳಗಿತು. ಮಾರಿದ ಮಗ್ಗ ತಿರುಗಿ ಬರಲಿಲ್ಲ. ಅತ್ತೆ ಮಾತ್ರ ಅವತ್ತಿನಿಂದ ಗೋಡೆಯ ಜೊತೆ ಮಾತು ಬಿಟ್ಟರು.