ನೋಟಿನ ಇನ್ನರ್ಧ

ಹರಿಣಾಕ್ಷಿ ಮೀನಿನ ಬುಟ್ಟಿಯನ್ನು ಜಗಲಿಯ ಕೆಳಗಿಟ್ಟು, ಸೆರಗಿನ ಗಂಟು ಬಿಚ್ಚಿ, ಹತ್ತು ರೂಪಾಯಿ ನೋಟಿನ ಅರ್ಧ ತುಂಡೊಂದನ್ನು ಬಲ್ಮಠದ ಸೈಮನ್ನನ ಮುಂದೆ ಚಾಚಿದಳು.

"ಪೊರ್ಬುಗಳೇ, ನೀವು ನೋಟು ಕೂಡಿಡ್ತೀರಂತೆ. ಇದನ್ನೂ ಇಟ್ಟುಕೊಳ್ಳಿ. ದುಡ್ಡು ಬೇಡ."

"ಬೇರೆಯವರು ನೋಟು ಖರ್ಚು ಮಾಡ್ತಾರೆ, ಇವರು ನೋಟಿಗೆ ಹಾಸಿಗೆ ಹಾಸಿ ಮಲಗಿಸ್ತಾರೆ," ಎಂದು ಫ್ಲಾವಿಯಾ ಒಳಗಿನಿಂದಲೇ ಗಂಡನನ್ನು ಚುಚ್ಚಿದಳು.

ಸೈಮನ್ ಕೇಳಿಸದವನಂತೆ ತುಂಡನ್ನು ಬೆಳಕಿಗೆ ಹಿಡಿದ. ಕೂದಲೆಳೆಯಂಥ ಗೆರೆಗಳಲ್ಲಿ ಹಬ್ಬಿದ ಬಳ್ಳಿ ಕತ್ತರಿಯ ಬಾಯಿಗೆ ಸಿಕ್ಕು ನಡುವಿಗೇ ನಿಂತಿತ್ತು. ರಾಜನ ಮುಖ ಇನ್ನೊಂದು ತುಂಡಿನ ಪಾಲಾಗಿತ್ತು.

ಅಂಚೆಯಲ್ಲಿ ಕಳವಾದೀತೆಂದು ನೋಟನ್ನು ಎರಡಾಗಿ ಕತ್ತರಿಸಿ ಕಳಿಸುವುದು ಜನರ ರೂಢಿ. ಮೊದಲ ತುಂಡು ಮುಟ್ಟಿತೆಂದು ಉತ್ತರ ಬಂದ ಮೇಲೆಯೇ ಎರಡನೆಯದು. ಹೆಂಚು ಹೇರಿದ ಮಂಜಿ ಹಡಗಿನಲ್ಲಿ ಬೊಂಬಾಯಿಗೆ ಹೋದ ಹರಿಣಾಕ್ಷಿಯ ಗಂಡ ಯಾದವ ಅವಳಿಗೆ ಕಳಿಸಿದ್ದು ಈ ಅರ್ಧವೊಂದೇ. ಮುಟ್ಟಿತೆಂದು ಅವಳು ಯಾರಿಂದಲಾದರೂ ಬರೆಸುವ ಮೊದಲೇ ಅವನಿದ್ದ ಮಂಜಿ ಮುಳುಗಿದ ಸುದ್ದಿ ಬಂದಿತ್ತು. ಮಗಳು ಆಗ ತೊಟ್ಟಿಲಲ್ಲಿದ್ದಳು.

"ಮುಸ್ಸಂಜೆಯಾದರೆ ಬಾಗಿಲಿನ ಹೊರಗೆ ನಿಂತು ಕೇಳ್ತಾರೆ," ಎಂದಳು ಹರಿಣಾಕ್ಷಿ. "'ಸಿಕ್ಕಿತಾ?' ಅಂತ. ಅಷ್ಟೇ."

"ಯಾರು?"

"ಇನ್ಯಾರು, ಮಗಳ ಅಪ್ಪ! ಈ ತುಂಡು ಎಲ್ಲಿ ಉಂಟೋ ಅಲ್ಲಿ. ಅಣ್ಣನ ಮನೆಯಲ್ಲಿಟ್ಟೆ, ಅಲ್ಲಿಯೂ ಕೇಳಿದರು. ಸತ್ತವರ ಕುಲೆಗೆ ಓಗೊಟ್ಟರೆ ಅದು ಕರೆದುಕೊಂಡೇ ಹೋಗ್ತದಂತೆ. ಇಷ್ಟು ವರ್ಷ ತುಟಿ ಕಚ್ಚಿ ಕೂತೆ. ನಿನ್ನೆ ಮಗಳು, 'ಎಂತ ಸಿಕ್ಕಿದ್ದು?' ಅಂತ ಕೇಳಲಿಕ್ಕೆ ಹೊರಟಳು. ಓಡಿ ಬಾಯಿ ಮುಚ್ಚಿದೆ." ಅವಳ ದನಿ ಇಳಿಯಿತು. "ಸುಡುವ ಅಂದರೆ ಕೈ ಬರುವುದಿಲ್ಲ, ಅವರ ಬೆವರಲ್ವಾ. ನಿಮ್ಮದು ಬೇರೆ ದೇವರು, ನಿಮಗೆ ತಾಗಲಿಕ್ಕಿಲ್ಲ. ಆದರೂ ಕೇಳಿದರೆ ಮಾತಾಡಬೇಡಿ, ಆಯ್ತಾ?"

ಅವಳು ಹೋದ ಮೇಲೆ ಸೈಮನ್ ತನ್ನ ಆಲ್ಬಮ್ಮಿನ ಹೊಸ ಹಾಳೆಯಲ್ಲಿ ಆ ತುಂಡನ್ನು ಸಿಕ್ಕಿಸಿದ. ಪಕ್ಕದಲ್ಲಿ ಅಷ್ಟೇ ಜಾಗ ಖಾಲಿ ಬಿಟ್ಟ. ಯಾಕೆ ಬಿಟ್ಟೆನೆಂದು ಅವನಿಗೇ ತಿಳಿಯಲಿಲ್ಲ.

ಕಡಲ ಕಡೆಯ ಕೆಂಪು ಆರಿತು. ಫ್ಲಾವಿಯಾ ಇಗರ್ಜಿಗೆ ಹೋಗಿದ್ದಳು. ದೀಪ ಹಚ್ಚಲು ಎದ್ದಾಗ ಹೊಸ್ತಿಲಿನಾಚೆ ಯಾರೋ ಕೆಮ್ಮಿದರು; ಬಹಳ ದೂರ ನಡೆದು ಬಂದವರ ಕೆಮ್ಮು.

"ಸಿಕ್ಕಿತಾ?"

ಸೈಮನ್ ಶಿಲುಬೆಯ ಗುರುತು ಹಾಕಿಕೊಂಡ. ಮನೆಯವರು ಉಂಡರೋ ಇಲ್ಲವೋ ಎಂದು ನಿದ್ದೆಗೆಟ್ಟ ಗಂಡಸಿನ ದನಿಯಂತಿತ್ತು ಅದು. ಒಂದು ಮಾತು ಕೊಟ್ಟರೆ ಆ ಜೀವಕ್ಕೆ ದಾರಿಯಾದೀತಲ್ಲ ಎಂದುಕೊಂಡ. ಇನ್ನರ್ಧವೂ ಕೈಗೆ ಬಂದೀತಲ್ಲ ಎಂದೂ ಅಂದುಕೊಂಡ. ಕರುಣೆ ಮುಂದೋ, ಆಸೆ ಮುಂದೋ, ಅದನ್ನು ಬಲ್ಲವನು ಮೇಲಿದ್ದಾನೆ.

"ಸಿಕ್ಕಿತು ಮಾರಾಯ. ಇನ್ನು ಹೋಗು."

ಹೊರಗೆ ಯಾರೋ ಉಸಿರು ಬಿಟ್ಟರು. ಬಾಗಿಲಿನ ಕೆಳಗಿನ ಸಂದಿಯಿಂದ ಒದ್ದೆಯಾದ ತುಂಡೊಂದು ಮೆಲ್ಲಗೆ ಒಳಗೆ ಸರಿಯಿತು. ಮೊದಲು ಬಳ್ಳಿಯ ಉಳಿದ ಎಲೆಗಳು, ಆಮೇಲೆ ಉಪ್ಪು ಹಿಡಿದ ರಾಜನ ಮುಖ, ಅರ್ಧ ಒಳಗೆ, ಅರ್ಧ ಹೊರಗೆ. ಸೈಮನ್ ಬಗ್ಗಿ ಅದರ ತುದಿ ಹಿಡಿದು ಎಳೆದ.

ಆಚೆ ಹಿಡಿದಿದ್ದ ಕೈ ಬಿಡಲಿಲ್ಲ.