ಬಾಯಿಗೆ ಒತ್ತಿದ ದಿಂಬು

ರಿವ್ಕಾ ಮತ್ತೆ ದಿಂಬನ್ನು ಬಾಯಿಗೇ ಒತ್ತಿಕೊಂಡು ಸದ್ದಿಲ್ಲದೆ ಕೆಮ್ಮಿದರು.

"ಬಾಯಿಗಲ್ಲ, ಆಪರೇಷನ್ ಆದ ಹೊಟ್ಟೆ ಹೊಲಿಗೆ ಮೇಲೆ ಒತ್ಕೊಳ್ಳಿ, ನೋವು ಕಮ್ಮಿ ಆಗತ್ತೆ. ಜೋರಾಗಿ ಕೆಮ್ಮಿ. ಕಫ ಒಳಗೇ ಉಳಿದ್ರೆ ನ್ಯುಮೋನಿಯಾ ಆಗತ್ತೆ," ಎಂದಳು ನರ್ಸ್ ಸಾಲೇಹಾ. ಅಮೆರಿಕದ ಡೆಸ್ ಪ್ಲೇನ್ಸ್ ಊರಿನ ಆಸ್ಪತ್ರೆಯಲ್ಲಿ ಅವಳದು ಡಬಲ್ ಶಿಫ್ಟ್. ಬೆಳಗಿನಿಂದ ಇದನ್ನೇ ಹೇಳಿ ಹೇಳಿ ಸಾಕಾಗಿತ್ತು.

"ನಾವು ಯಹೂದಿಗಳು," ಎಂದರು ತೊಂಬತ್ತೈದರ ರಿವ್ಕಾ. "ಯುದ್ಧದಲ್ಲಿ ಅಟ್ಟದ ಮೇಲೆ ಅಡಗಿದ್ವಿ. ಆಗ ನನಗೆ ಹದಿಮೂರು. ಕೆಳಗೆ ನಾಜಿಗಳು ಓಡಾಡೋರು. ಕೆಮ್ಮು ಬಂದ್ರೆ ಅಮ್ಮ ಹೀಗೇ ದಿಂಬು ಒತ್ತೋಳು. ಜೋರಾಗಿ ಕೆಮ್ಮೋಕೆ ಇನ್ನೂ ಬರಲ್ಲ, ಮಗೂ."

ಸಾಲೇಹಾ ಎದ್ದು ಬಾಗಿಲನ್ನು ಪೂರ್ತಿ ತೆರೆದಳು. ಕಾರಿಡಾರಿನತ್ತ ತಿರುಗಿ, ಗಂಟಲು ಕಿತ್ತು ಬರುವಂತೆ ಕೆಮ್ಮಿದಳು. ರಿವ್ಕಾ ಉಸಿರು ಬಿಗಿಹಿಡಿದು ಹೆಜ್ಜೆ ಸಪ್ಪಳಕ್ಕೆ ಕಾದರು. ಎದುರಿನ ಡೆಸ್ಕಿನಲ್ಲಿದ್ದವರು ತಲೆ ಕೂಡ ಎತ್ತಲಿಲ್ಲ.

ದಿಂಬು ಮೆಲ್ಲಗೆ ಬಾಯಿಂದ ಹೊಟ್ಟೆಯ ಹೊಲಿಗೆ ಮೇಲೆ ಇಳಿಯಿತು.