ಟಿ.ವಿ. ಬೆನ್ನಿನ ಬಿಸಿ

ತೊಮೊಕೊ ಶೂ ಕಳಚಿ ಒಳಗೆ ಬಂದವಳೇ, ಕೈಚೀಲವನ್ನೂ ಇಳಿಸದೆ ಟಿ.ವಿ.ಯ ಬೆನ್ನಿಗೆ ಅಂಗೈ ಇಟ್ಟಳು. ಬೆಚ್ಚಗಿತ್ತು.

ಈ ವಾರ ಇದು ಮೂರನೇ ಸಲ. ಟಿ.ವಿ.ಗೆ ಜೋಡಿಸಿ ಆಡುವ ಫ್ಯಾಮಿಕಾಮ್ ಎಂಬ ಆ ಕೆಂಪು-ಬಿಳಿ ಆಟದ ಪೆಟ್ಟಿಗೆ ಬಂದಾಗಿನಿಂದ ಅವಳಿಗೆ ನೆಮ್ಮದಿಯಿಲ್ಲ. ಭಾನುವಾರ ಒಂದು ಗಂಟೆ ಆಟ. ಉಳಿದ ದಿನ ಅದಕ್ಕೆ ಕರೆಂಟು ಕೊಡುವ ಅಡಾಪ್ಟರನ್ನು ಬಚ್ಚಿಡುತ್ತಿದ್ದಳು. ಅವರಿದ್ದ ಕತ್ಸುಷಿಕ ಬಡಾವಣೆಯ ಓಣಿಯ ತಾಯಂದಿರೆಲ್ಲ ಮಾಡುವುದೂ ಅದನ್ನೇ. ಅಕ್ಕಿ ಡಬ್ಬಿಯಲ್ಲಿ ಇಡುತ್ತಿದ್ದದ್ದು ಮಗನಿಗೆ ಗೊತ್ತಾಗಿ, ಈಗ ಗಂಡನಿಗೆ ಹೇಳಿ ಬೀರುವಿನ ಮೇಲೆ, ಚಳಿಗಾಲದ ಹಾಸಿಗೆಗಳ ಹಿಂದೆ ಇಡಿಸಿದ್ದಳು. ಆಟದ ಹುಚ್ಚು ಹಿಡಿದ ಹನ್ನೆರಡರ ಹುಡುಗನಿಗೆ ಅದೇನು ಮಹಾ ಎತ್ತರ?

ಮಗ ಕತ್ಸುಯಾ ತಾನು ಮುಟ್ಟೇ ಇಲ್ಲವೆಂದ. ಆಟಕ್ಕಿಂತ ಆ ಸುಳ್ಳೇ ಅವಳನ್ನು ಸುಟ್ಟಿತು. ಪೆಟ್ಟಿಗೆಯನ್ನು ಯಾರಿಗಾದರೂ ಕೊಟ್ಟುಬಿಡುತ್ತೇನೆ, ಸುಳ್ಳ ಮಗ ನನಗೆ ಬೇಡ ಎಂದುಬಿಟ್ಟಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಹುಡುಗ ಅಳಲಿಲ್ಲ. "ಗುರುವಾರ ಶಾಲೆಯಿಂದ ನಿಕ್ಕೋಗೆ ಕರ್ಕೊಂಡು ಹೋಗ್ತಾರೆ. ರಾತ್ರಿನೂ ಅಲ್ಲೇ ಇರ್ತೀನಿ. ಅವತ್ತೂ ಮುಟ್ಟಿ ನೋಡಮ್ಮ," ಎಂದ.

ಊಟಕ್ಕೆ ಕೂತಿದ್ದ ಗಂಡ ಷೋಹೇ ಬಟ್ಟಲಿನಿಂದ ತಲೆ ಎತ್ತಲಿಲ್ಲ. ಅವನು ತಗಡಿನ ಆಟಿಕೆಗಳ ಕಾರ್ಖಾನೆಯಲ್ಲಿ ಗುಮಾಸ್ತ. ಪೆಟ್ಟಿಗೆ ಮನೆಗೆ ಬಂದ ದಿನ, ಇನ್ನು ಕೀಲಿ ಕೊಡುವ ಗೊಂಬೆಗಳನ್ನು ಯಾರು ಕೇಳುತ್ತಾರೆ ಎಂದು ಸಿಡುಕಿದ್ದವನು, ಇವತ್ತು ಮಗನ ಪರ ನಿಂತ.

"ಹೋಗ್ಲಿ ಬಿಡೇ. ತಾನಲ್ಲ ಅಂತಿದಾನಲ್ಲ."

ವಯಸ್ಸಾಗುತ್ತ ಗಂಡ ಮೆತ್ತಗಾಗಿದ್ದಾನೆ ಎಂದುಕೊಂಡಳು. ಇತ್ತೀಚೆಗೆ ಬುತ್ತಿ ಡಬ್ಬಿಯನ್ನೂ ತಾನೇ ತೊಳೆದು ತರುತ್ತಿದ್ದ. ಅಷ್ಟು ವರ್ಷ ಹೇಳಿದ್ದು ಕೊನೆಗೂ ನಾಟಿತಲ್ಲ ಎಂದು ಅವಳಿಗೆ ಹೆಮ್ಮೆ.

ಗುರುವಾರ ಮಗನನ್ನು ಬಸ್ಸು ಹತ್ತಿಸಿ, ಗಂಡನಿಗೆ ಬುತ್ತಿ ಕಟ್ಟಿ ಕಳಿಸಿ, ತಾನು ಹೊಲಿಗೆ ಅಂಗಡಿಯ ಕೆಲಸಕ್ಕೆ ಹೋದಳು. ಸೂಜಿ ಎರಡು ಸಲ ಬೆರಳಿಗೆ ಚುಚ್ಚಿತು. ಟಿ.ವಿ. ತಣ್ಣಗಿದ್ದರೆ ಮಗ ಸುಳ್ಳ. ಬೆಚ್ಚಗಿದ್ದರೆ? ಬೀಗ ಹಾಕಿದ ಮನೆಯೊಳಗೆ ಯಾರು ಬರುತ್ತಾರೆ? ಮಗನನ್ನು ಸುಮ್ಮನೆ ಬೈದೆನೇ? ತಡೆಯಲಾಗದೆ, ತಲೆನೋವೆಂದು ಹೇಳಿ ಮಧ್ಯಾಹ್ನವೇ ಹೊರಟಳು.

ಬೀಗ ಮುರಿದಿರಲಿಲ್ಲ. ಹೊಸ್ತಿಲ ಬಳಿ ಯಾರ ಶೂವೂ ಇರಲಿಲ್ಲ. ಒಳಗಿನಿಂದ ಮಾತ್ರ ಆಟದ ಸಂಗೀತ ಸಣ್ಣಗೆ ಕೇಳುತ್ತಿತ್ತು. ಮೂಲೆಯ ಕೊಡೆಯನ್ನು ದೊಣ್ಣೆಯಂತೆ ಹಿಡಿದು ಜಾರುಬಾಗಿಲನ್ನು ಸರಿಸಿದಳು.

ಟೈ ಕೂಡ ಸಡಿಲಿಸದೆ, ಶೂಗಳನ್ನೂ ಒಳಗೆ ತಂದು ಹಳೆಯ ಪೇಪರಿನ ಮೇಲಿಟ್ಟು, ಬೆಳಿಗ್ಗೆ ಅವಳೇ ಕಟ್ಟಿದ ಬುತ್ತಿಯನ್ನು ಪಕ್ಕದಲ್ಲಿಟ್ಟುಕೊಂಡು ಟಿ.ವಿ. ಮುಂದೆ ಕೂತಿದ್ದ ಷೋಹೇ, "ಕಾರ್ಖಾನೆ ಮುಚ್ಚಿ ನಲವತ್ತು ದಿನ ಆಯ್ತು ಕಣೆ," ಎಂದ, "ಮಗನಿಗೆ ಹೇಳ್ಬೇಡ."